ಸಕ್ಕರೆಯ ಗಾಜು

ಸಿನಿಮಾದವರು ಬಂದ ಮೇಲೆ ಸ್ಕಾರ್ವಿಕ್ಕಿನವರಿಗೆ ಗೊತ್ತಾಯಿತು,
ಒಡೆಯುವ ಕಿಟಕಿಗೆ ಸಕ್ಕರೆಯ ಗಾಜು ಹಾಕುತ್ತಾರೆಂದು.
ಕಲ್ಲುಗಳು ಬೆಂಡಿನವು. ಬೂದು ಬಣ್ಣ ಬಳಿದು
ಮೀನಿನ ಬುಟ್ಟಿಯಲ್ಲಿ ತುಂಬಿಟ್ಟಿದ್ದಾರೆ.
ಒಂದನ್ನೆತ್ತಿ ನೋಡಿದೆ,
ಎತ್ತಿದ್ದೇ ಕೈಗೆ ತಿಳಿಯಲಿಲ್ಲ.

ನನ್ನದು ಗುಂಪಿನ ಪಾತ್ರ. ದಿನಕ್ಕೆ ಸಾವಿರ ಕ್ರೋನರ್,
ಮಧ್ಯಾಹ್ನ ಸೂಪು, ಎರವಲು ಶಾಲು,
ಯಾರದೋ ಮುತ್ತಜ್ಜಿಯ ಕಾಲದ ಟೋಪಿ.
ಹಳೇ ನಾಟಕ; ನೀರು ಕೆಟ್ಟಿದೆ ಎಂದು ಬಾಯಿಬಿಟ್ಟ
ಒಬ್ಬ ವೈದ್ಯನ ಕಥೆ.
ಮೂರನೆಯ ಸಾಲಿನಲ್ಲಿ ನಿಂತು ಕೈಯೆತ್ತಿ
ಉಳಿದವರೊಡನೆ ನಾನೂ ಕೂಗಬೇಕು:
ಲೋಕವಿರೋಧಿ!

"ಸಿಟ್ಟು ಸಾಲದು" ಎನ್ನುತ್ತಾನೆ ನಿರ್ದೇಶಕ,
ಆಸ್ಲೋದ ಹುಡುಗ, ಕೊರಳಿಗೆ ಹಳದಿ ಮಫ್ಲರು.
"ಇವನು ನಿಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾನೆ ಅಮ್ಮ,
ಹಾಗೆಂದುಕೊಳ್ಳಿ."

ಅಂದುಕೊಳ್ಳುವುದೇನು ಬಂತು.
ಇದೇ ಸಭಾಂಗಣ, ಇದೇ ಕಂಬದ ಎಡಕ್ಕೆ
ಎಂಬತ್ತೇಳರ ಫೆಬ್ರವರಿಯಲ್ಲಿ ನಿಂತಿದ್ದೆ.

ಬೋರ್ಗಿಲ್ದ್ ವೈದ್ಯೆಯಲ್ಲ. ಸತುವಿನ ಕಾರ್ಖಾನೆಯ
ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವವಳು.
ಭಾಷಣ ಬಾರದು. ಚೌಕಳಿ ಹಾಳೆ ಹಿಡಿದು
ತಡವರಿಸುತ್ತ ಅಂಕಿ ಓದಿದಳು:
ಕಡಲ ಒಡ್ಡಿನ ಪೂರ್ವಕ್ಕೆ ಸೀಸ ಇಷ್ಟು, ಪಶ್ಚಿಮಕ್ಕೆ ಇಷ್ಟು,
ಮಕ್ಕಳು ಹೆಕ್ಕಿ ತರುವ ಕಪ್ಪೆಚಿಪ್ಪಿನೊಳಗೆ
ಇಷ್ಟು.
"ಸೀಸೆ ತೊಳೆಯುವವಳಿಗೆ ಸೀಸದ ಗೊಡವೆ ಯಾಕಂತೆ?"
ಹಿಂದಿನಿಂದ ಯಾರೋ ಅಂದರು.
ನಕ್ಕೆವು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ಉಂಡ ಮನೆಗೆ ಎರಡು ಬಗೆದವಳು ಎಂದರು.
ಕೈಯೆತ್ತಿ ಎಂದರು.
ನನ್ನ ಗಂಡ ಕುಲುಮೆಯಲ್ಲಿ ಎರಡನೆಯ ಪಾಳಿ.
ನನ್ನ ಕೈ ಎಲ್ಲಕ್ಕಿಂತ ಮೊದಲೇಳಲಿಲ್ಲ,
ಕೊನೆಗೂ ಅಲ್ಲ. ನಡುವೆಲ್ಲೋ,
ಯಾರೂ ನೆನಪಿಡದ ಹೊತ್ತಿನಲ್ಲಿ ಎದ್ದಿತು.

ಆ ರಾತ್ರಿ ಅವಳ ಕಿಟಕಿಗೆ ಬಿದ್ದದ್ದು ಬೆಂಡಲ್ಲ.
ಬೆಳಿಗ್ಗೆ ಹಿಮದ ಮೇಲೆ ಚೂರು ಚೂರು,
ದೂರಕ್ಕೆ ಥೇಟು ಸಕ್ಕರೆ.
ನನ್ನ ಶೇತಿಲ್‌ಗೆ ಆಗ ಹದಿನೈದು.
ತಡವಾಗಿ ಬಂದ, ಕೈಗವಸು ಒದ್ದೆ.
ಒಲೆಯ ಪಕ್ಕ ಒಣಗಲು ಹಾಕಿದೆ.
ಕೇಳಲಿಲ್ಲ.
ಏಪ್ರಿಲಿನ ಹೊತ್ತಿಗೆ ಬೋರ್ಗಿಲ್ದ್‌ಳ ಮನೆಗೆ ಬೀಗ.

ಈಗ ಸಿನಿಮಾಕ್ಕೆ ಪುರಸಭೆಯ ನೆರವಿದೆ.
ಈ ಊರು ಎಂದೂ ಸತ್ಯದ ಕಡೆಗೇ ಎಂದು
ಅಧ್ಯಕ್ಷೆ ಮೈಕಿನಲ್ಲಿ ಹೇಳುವಾಗ
ಅವಳ ಬೆನ್ನ ಹಿಂದೆ ಧಕ್ಕೆಯ ಫಲಕ ಕಾಣುತ್ತಿತ್ತು,
ಚಿಪ್ಪು ತಿನ್ನಬೇಡಿ, ನಾಲ್ಕು ಭಾಷೆಗಳಲ್ಲಿ.
ಛಾಯಾಗ್ರಾಹಕ ಅದಕ್ಕೊಂದು ಬಲೆ ಹೊದಿಸಿದ,
ನಾಟಕದ ಕಾಲಕ್ಕೆ ಹೊಂದುವುದಿಲ್ಲವಂತೆ.

ಒಂಬತ್ತನೆಯ ಸಲ. ವೈದ್ಯನ ಪಾತ್ರದವನು
ಬೆವರುತ್ತ, ಎಷ್ಟು ಚೆಂದ ಮಾತಾಡುತ್ತಾನೆ!
ಒಂದು ಸಲವೂ ತಡವರಿಸುವುದಿಲ್ಲ.
ಸುತ್ತಲೂ ಕೈಗಳು ಎದ್ದವು.
ನನ್ನದು ಶಾಲಿನೊಳಗೇ ಉಳಿಯಿತು.

"ಕಟ್! ಮೂರನೆಯ ಸಾಲು, ಏನಾಯ್ತು?"
ಭುಜ ನೋವು ಎಂದೆ.
ಪಾಪ ಹುಡುಗ, ಕುರ್ಚಿ ತರಿಸಿದ,
ಕ್ಯಾಮೆರಾಕ್ಕೆ ಕಾಣದಂತೆ ಕಂಬದ ಮರೆಗೆ ಕೂರಿಸಿದ.
ಸಂಜೆ ಸಹಿ ಹಾಕಿಸಿಕೊಂಡು
ಸಾವಿರವನ್ನೂ ಪೂರ್ತಿ ಕೊಟ್ಟರು. ತೆಗೆದುಕೊಂಡೆ.

ಹೊರಗೆ ಯಾರದೋ ನಾಯಿ
ಒಡೆದ ಕಿಟಕಿಯನ್ನು ನೆಕ್ಕುತ್ತಿತ್ತು.

ರಾತ್ರಿ ಶೇತಿಲ್ ಫೋನು ಮಾಡಿದ, ಬರ್ಗೆನ್ನಿನಿಂದ.
ಹೇಗಿತ್ತು, ನಟ ಯಾರು, ಊಟ ಏನು
ಒಂದೂ ಕೇಳಲಿಲ್ಲ.
"ಕಲ್ಲು ಯಾವುದರದು ಅಮ್ಮ?" ಅಂದ.
ಬೆಂಡು, ಅಂದೆ.
ಆ ಕಡೆ ಅವನು ಉಸಿರಾಡುವುದು
ಬಹಳ ಹೊತ್ತು ಕೇಳುತ್ತಿತ್ತು.