ಚಪ್ಪಾಳೆ ಎಂದು ಕಂಸದಲ್ಲಿದೆ

ಭಾಷಣ ಒಂದೇ ಪುಟ.
ಮಾಡಿದವಳು ನರ್ಸವ್ವ ಯೆಮೂಲ, ಬೀಡಿ ಕಟ್ಟುವವಳು,
ಸೊಲ್ಲಾಪುರದ ಕಾರ್ಖಾನೆಯೊಂದರ ಗೇಟಿನೆದುರು,
ಅರವತ್ತೆರಡರ ಮಾಘದ ಬಿಸಿಲಿನಲ್ಲಿ.
ಮಾತಾಡಿದ್ದು ತೆಲುಗಿನಲ್ಲಿ.
ಬರೆದುಕೊಂಡವನು ಪೊಲೀಸು, ಮರಾಠಿಯಲ್ಲಿ.
ನಾನು ಬಿಡಿಸಿ ತೋರಿಸಬೇಕಾದ್ದು ಕನ್ನಡದಲ್ಲಿ,
ಸಾವಿರದೈನೂರು ಶಬ್ದ, ಸೋಮವಾರದೊಳಗೆ.

ಹಂಚಾಟೆ ಸರ್ ಬೋರ್ಡಿನ ಮೇಲೆ ಮೂರು ಮನೆ ಗೀಚಿದ್ದರು:
ಆಡುವವರ ಯೋಗ್ಯತೆ, ಕೇಳುವವರ ಭಾವ, ಮಾತಿನ ತರ್ಕ.
"ಏನ ಹೇಳಿದ್ರು ಅಂತ ಬ್ಯಾಡ,
ಹ್ಯಾಂಗ ಒಪ್ಪಿಸಿದ್ರು, ಅದನ್ನ ಬರೀರಿ."

ಘರಕುಲದ ಪತ್ರಾಸಿನ ಕೆಳಗೆ ಜೆರಾಕ್ಸು ಹರವಿಕೊಂಡು ಕೂತೆ.

"ಸಾವಿರ ಕಟ್ಟಿ ಕೊಟ್ಟೆವು, ನೂರು ಛಾಟು ಅಂತ ಮುರಿದು ಬಿಸಾಡಿದರು.
ಮುರಿದ ಬೀಡಿಯ ತಂಬಾಕು ಯಾರ ಚೀಲಕ್ಕೆ ಹೋಯಿತು?"
ಉತ್ತರ ಬೇಡದ ಪ್ರಶ್ನೆ. ಕೆಂಪು ಗೆರೆ.
"ನನ್ನ ಬೆರಳು ನೋಡಿ, ನಿಮ್ಮ ಬೆರಳು ನೋಡಿ."
ಪುನರುಕ್ತಿ; ಯೋಗ್ಯತೆಯ ಮನೆಗೂ ಸಲ್ಲುತ್ತದೆ. ಹಸಿರು ಗೆರೆ.
ನಡುವೆ ಮೂರು ಕಡೆ ಬರೀ ಚುಕ್ಕೆ.
ಮೌನವೂ ಒಂದು ಅಲಂಕಾರವೆಂದು
ಇಡೀ ಪ್ಯಾರಾ ಬರೆದು
ನನ್ನ ಬೆನ್ನು ನಾನೇ ತಟ್ಟಿಕೊಂಡೆ.
ಕೊನೆಗೆ ಪೊಲೀಸಿನವ ಕಂಸ ಹಾಕಿದ್ದ: (ಚಪ್ಪಾಳೆ).
ಅದರ ಕೆಳಗೆ: ಸುಮಾರು ಎರಡು ಸಾವಿರ ಹೆಂಗಸರು ಕೆಲಸ ಬಿಟ್ಟರು.
ಹೀಗೆ ಮಾತು ಗೆದ್ದಿತು ಎಂದು ನಾನೂ ಮುಗಿಸಿದೆ,
ಗಟ್ಟಿಯಾಗಿ ಓದಿದೆ.

ಅಜ್ಜಿ ಕತ್ತರಿ ಕೆಳಗಿಟ್ಟಳು.
ಆ ದಿನ ಅವಳಿಗೆ ಹದಿಮೂರು. ಅಲ್ಲೇ ಇದ್ದಳಂತೆ.
ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ
ನೀ ಯಾವಾಗ ಕೇಳಿದಿ ಅಂದಳು.

"ಮೈಕು ಕುಂಯ್ ಅನ್ನೂದೊಂದ ಕೇಳಿಸ್ತು.
ಆಕಿ ಬಾಯಿ ತೆರೀತಿದ್ಳು, ಮುಚ್ಚತಿದ್ಳು.
ನಮಗ ತೆಲುಗು ಬ್ಯಾರೆ ಅಷ್ಟಕ್ಕಷ್ಟ.
ನಡುವ ಕೆಮ್ಮು. ತಂಬಾಕಿನ ಕೆಮ್ಮವಾ, ಹಿಡಿದ್ರ ಬಿಡಂಗಿಲ್ಲ."

ಚುಕ್ಕೆ. ಚುಕ್ಕೆ. ಚುಕ್ಕೆ.

"ಆಕಿ ಕೆಮ್ಮಿದ್ದಕ್ಕ ಮುಂದಿನ ಸಾಲಿನ್ಯಾಗೊಬ್ಬಾಕಿ ಕೆಮ್ಮಿದ್ಳು,
ಹಿಂದ ಇನ್ನೊಬ್ಬಾಕಿ, ಆಮ್ಯಾಲೆ ನಾನೂ.
ಇಡೀ ಗೇಟೇ ಕೆಮ್ಮಾಕ ಹತ್ತಿತು ನೋಡು.
ಯಾರಿಗೋ ನಗಿ ಬಂತು.
ನಕ್ಕೋತ ಮೊರ ಬಡದ್ರು, ಎಲ್ಲಾರೂ ಬಡದ್ರು,
ಎಲಿ, ಪುಡಿ, ಎಲ್ಲಾ ಗಾಳಿಗಿ ಹೋತು.
ಚಪ್ಪಾಳಿ ಅಲ್ಲದು, ಮೊರ.
ಪೊಲೀಸಪ್ಪಗೇನ ತಿಳೀತದ,
ದೂರ ನಿಂತಿದ್ದ ಮೂಗು ಮುಚ್ಚಿಕೊಂಡು."

ಹಾಗಾದರೆ ಕೆಲಸ ಬಿಟ್ಟದ್ದು ಯಾಕೆ?
"ಖಾಲಿ ಮೊರ ಹಿಡಕೊಂಡು ಒಳಗ ಹೋಗೂದ ಹ್ಯಾಂಗ?"

ಮೂರು ಮನೆಯನ್ನೂ ಹುಡುಕಿದೆ.
ಕೆಮ್ಮಿಗೆ ಜಾಗವಿರಲಿಲ್ಲ.
ಬೋರ್ಡಿನ ಅಂಚಿನಲ್ಲಿ, ಡಸ್ಟರು ತಾಗದ ಕಡೆ,
ನಾಲ್ಕನೆಯದೊಂದನ್ನು ನಾನೇ ಗೀಚಬೇಕಿತ್ತೋ ಏನೋ.
ಪೊಲೀಸಿನ ಮಾತು ಹೊಡೆದುಹಾಕಿ ಕಂಸದೊಳಗೆ ಬರೆದೆ: (ಮೊರ).
ಮೂಲದಲ್ಲಿಲ್ಲ ಎಂದು ಸರ್ ಅಂಕ ಕಳೆದಾರು; ಕಳೆಯಲಿ.

ಅಜ್ಜಿ ಮತ್ತೆ ಎಲೆ ಕತ್ತರಿಸತೊಡಗಿದಳು.
ನಾಳೆ ಐನೂರು ಕೊಡಬೇಕು, ಐವತ್ತು ಛಾಟಿಗೆ ಸೇರಿಸಿ.
ಬಹಳ ಹೊತ್ತಿನ ಮೇಲೆ,
ದಾರ ಹಲ್ಲಿನಲ್ಲಿ ಹಿಡಿದುಕೊಂಡೇ ಅಂದಳು:

"ಹನ್ನೊಂದನೇ ದಿನಾ ನಮ್ಮವ್ವ ಹಿಂದಿನ ಬಾಗಿಲಿಂದ ಒಳಗ ಹೋದಳು.
ನನ್ನ ತಮ್ಮಗ ಜ್ವರ ಇತ್ತು.
ನರ್ಸವ್ವ ನೋಡಿದ್ಳು. ಏನೂ ಅನ್ನಲಿಲ್ಲ,
ಸರದು ದಾರಿ ಬಿಟ್ಳು.

ಅದನ್ನೂ ಬರೀತಿ?"