ಹಾಲಿನ ಹೆಸರಿನ ಗಂಟು

ಇಪ್ಪತ್ತೆರಡು ವರ್ಷದಿಂದ ಈ ಕೋಣೆಯ ಬೀಗದ ಕೈ
ನನ್ನ ಸೊಂಟದಲ್ಲಿ.
ಫಾರ್ಮಲಿನ್ನಿಗೆ ಮೊದಲು ಕಣ್ಣು ಅತ್ತವು,
ಆಮೇಲೆ ಮೂಗು ರಾಜಿಯಾಯಿತು.
ಓದಿದ್ದು ಏಳನೇ ಕ್ಲಾಸು. ಆದರೂ
ತೊಟ್ಟಿಯಿಂದ ಶ್ವಾಸಕೋಶ ಎತ್ತಿಕೊಡುವಾಗ
ಎಡವೋ ಬಲವೋ ಕೈಗೇ ಗೊತ್ತು:
ಬಲಕ್ಕೆ ಮೂರು ಪಾಲು, ಎಡಕ್ಕೆ ಎರಡೇ,
ಪಕ್ಕದ ಗುಂಡಿಗೆಗೆ ಒಂದಂಕಣ
ಬಿಟ್ಟುಕೊಟ್ಟ ತಮ್ಮನ ಹಾಗೆ.

ವಾಗ್ದೇವಿ ಮೇಡಂ ಪ್ರತಿ ವರ್ಷ ಕೇಳುವುದು ಅದನ್ನೇ:
"ಶ್ವಾಸನಾಳದ ಉಂಗುರ ಹಿಂದೆ ತೆರೆದಿದೆ. ಯಾಕೆ?"
ಹೊಸ ಹುಡುಗರು ತಲೆ ತಗ್ಗಿಸುತ್ತಾರೆ.
ಗೋಡೆಗೆ ಒರಗಿದ ನನ್ನೊಳಗೆ ಉತ್ತರ:
ಬೆನ್ನಿಗೇ ಅನ್ನದ ದಾರಿ. ತುತ್ತು ಇಳಿಯುವಾಗ
ಉಸಿರು ತುಸು ಸರಿದು ಜಾಗ ಕೊಡಬೇಕು.

ತುತ್ತಿಗಾಗಿ ಉಸಿರು ಸರಿದದ್ದನ್ನು
ನಾನು ಕಂಡಿದ್ದೇನೆ, ಆಜಾದ್ ನಗರದಾಚೆ,
ಮಂಡಕ್ಕಿ ಭಟ್ಟಿಯಲ್ಲಿ, ನಸುಕಿನ ಮೂರಕ್ಕೆ.
ಮೌಲಾಸಾಬ, ನಾನು, ಇಬ್ಬರಿಗೂ ಹನ್ನೊಂದು.
ಅವನು ಒಲೆಗೆ ಹಳೇ ಟೈರು ತುರುಕುವವನು,
ನಾನು ಕಾದ ಮರಳಿಗೆ ಜರಡಿ ಹಿಡಿಯುವವನು.
ಉಪ್ಪುನೀರು ಕುಡಿದ ಅಕ್ಕಿ ಮರಳಿಗೆ ಬಿದ್ದದ್ದೇ
ಚಟಚಟ ಚಟಚಟ,
ಒಂದೊಂದು ಕಾಳೂ ತನ್ನ ಹಬೆಗೆ ತಾನೇ ಉಬ್ಬಿ
ಗಾಳಿಗೆ ಮನೆಯಾಗುತ್ತಿತ್ತು.

ಮೇಡಂ ಗಾಳಿಚೀಲ ಅಂದಾಗಲೆಲ್ಲ ನನಗೆ ಮಂಡಕ್ಕಿ.
ಮೂವತ್ತು ಕೋಟಿಗೂ ಹೆಚ್ಚಂತೆ ಒಬ್ಬೊಬ್ಬನೊಳಗೆ.
ಎಷ್ಟು ಮೂಟೆಯಾದೀತು? ಲೆಕ್ಕ ಹಾಕಿದ್ದೇನೆ,
ಸಂಬಳ ಬಾರದ ಒಂದು ತಿಂಗಳು.

ಮಸಿ ಒಳಗೆ ಬಂದರೆ
ನಾಳದ ಗೋಡೆಯ ರೋಮಗಳು ರಾತ್ರಿಪಾಳಿಯ ಪೊರಕೆಗಳು,
ಮೇಲಕ್ಕೇ ಗುಡಿಸುತ್ತವೆ.
ಕಟ್ಟಕಡೆಯ ಚೀಲದಲ್ಲಿ ಪೊರಕೆಯಿಲ್ಲ.
ಅಲ್ಲಿ ಒಂದು ಕಣ ಮಸಿಯನ್ನು ನುಂಗುತ್ತದೆ.
ಅರಗದು, ಉಗುಳದು.
ಹೊತ್ತುಕೊಂಡೇ ದುಗ್ಧನಾಳಕ್ಕಿಳಿದು
ಶ್ವಾಸಕೋಶದ ಬಾಗಿಲ ಗಂಟಿನಲ್ಲಿ
ಕೂತುಬಿಡುತ್ತದೆ.

ದುಗ್ಧ ಅಂದರೆ ಹಾಲು. ನನ್ನ ಹೆಸರಲ್ಲೂ ಅದೇ,
ಕೇಳಿ ಖುಷಿಯಾಗಿತ್ತು.
ಆ ರಸಕ್ಕೆ ತನ್ನದೇ ಗುಂಡಿಗೆಯಿಲ್ಲ ಎಂದಾಗ ಬೆರಗು.
ಭದ್ರಾ ನಾಲೆಗಾದರೂ ಮೇಲೊಂದು ಅಣೆಕಟ್ಟು,
ಇದಕ್ಕೆ ತೂಬು ಮಾತ್ರ, ಹಿಂದಿರುಗಗೊಡದ ತೂಬು.
ನಾವು ಉಸಿರೆಳೆದರೆ ಒಂದಿಷ್ಟು,
ಕೈ ಬೀಸಿ ನಡೆದರೆ ಮತ್ತೊಂದಿಷ್ಟು,
ಹತ್ತಿ ಹತ್ತಿ ಎಡಗತ್ತಿನ ಬುಡದಲ್ಲಿ
ರಕ್ತಕ್ಕೆ ಸೇರುತ್ತದೆ,
ಕೊನೇ ಬಸ್ಸಿಗೆ ಬಂದವರಂತೆ, ಸದ್ದಿಲ್ಲದೆ.

ಹೋದ ಬುಧವಾರ ಹದಿನೇಳನೇ ನಂಬರಿನ ದೇಹ.
ಮೇಡಂ ಬಾಗಿಲ ಗಂಟನ್ನು ಸೀಳಿದರು.
ಒಳಗೆ ಇದ್ದಿಲು.
"ಹೊಗೆಯಲ್ಲಿ ಬಾಳಿದ ಮನುಷ್ಯ," ಎಂದರು. ತಡೆದು,
"ಊರಲ್ಲಿ ಬಾಳಿದರೂ ಸಾಕು ಅನ್ನಿ."
ಹುಡುಗಿಯೊಬ್ಬಳು ಬರೆದುಕೊಂಡಳು.
ನಾನು ತಟ್ಟೆ ತೊಳೆದೆ, ಎರಡು ಸಲ.

ಸಂಜೆ ಗೇಟಿನಾಚೆ ಮೌಲಾ,
ಕಂಕುಳಲ್ಲಿ ಎಕ್ಸ್‌ರೇ ಕವರು.
"ನೀನು ಅದರಲ್ಲೇ ಇರ್ತೀಯಲ್ಲ ಹಾಲಪ್ಪ,
ಒಂಚೂರು ನೋಡಿ ಹೇಳು."
ಬೀದಿದೀಪಕ್ಕೆ ಎತ್ತಿ ಹಿಡಿದೆ.
ಎಕ್ಸ್‌ರೇಯಲ್ಲಿ ಎಲ್ಲ ತಿರುಗಾಮುರುಗಾ:
ಗಾಳಿ ಕಪ್ಪು,
ಗಂಟು ಬೆಳ್ಳಗೆ, ಹಾಲಿನಷ್ಟು.

"ಡಾಕ್ಟರಿಗೇ ತೋರಿಸು," ಎಂದೆ,
"ನಂಗೆ ಸತ್ತೋರದ್ದಷ್ಟೇ ಓದೋಕೆ ಬರೋದು."
ನಕ್ಕ. ನಗು ಕೆಮ್ಮಾಯಿತು,
ಕೆಮ್ಮು ಅವನನ್ನು ಕಟ್ಟೆಯ ಮೇಲೆ ಕೂರಿಸಿತು.
ಬೆನ್ನಿಗೆ ಕಿವಿಯಿಟ್ಟೆ, ಯಾರು ನೋಡಿದರೇನು.
ಎಳೆದ ಪ್ರತಿ ಉಸಿರಿನ ಕೊನೆಗೆ
ಮರಳಿಗೆ ಬಿದ್ದ ಅಕ್ಕಿಯ ಸದ್ದು.

ಸುಧಾರಿಸಿಕೊಂಡು ಜೇಬಿನಿಂದ ಪೊಟ್ಟಣ ತೆಗೆದ.
"ಮಗಂದು ಈಗ ಗ್ಯಾಸಿನ ಭಟ್ಟಿ, ಹೊಗೆನೇ ಇಲ್ಲ. ತಿನ್ನು."
ತಿಂದೆ. ಉಪ್ಪು ಕಡಿಮೆಯಿತ್ತು, ಹೇಳಲಿಲ್ಲ.
ನಾಳೆ ಒಂಬತ್ತಕ್ಕೆ ಚೀಟಿ ಮಾಡಿಸುವುದು ನಾನು, ಎಂದೆ.
ಈಗ ಆಟೋ ಬೇಡ,
ರೈಲ್ವೆ ಗೇಟಿನವರೆಗಾದರೂ ನಡಿ,
ನಿಧಾನ,
ಕೈ ಬೀಸು.