ಏನೂ ಆಗಿಲ್ಲವೆಂಬಂತೆ

ನಮ್ಮ ಅಂಗಿಯ ಬೆನ್ನಿಗೆ ಕಂಪನಿ ಅಚ್ಚು ಹಾಕಿಸಿದ ಮಾತು:
'ಏನೂ ಆಗಿಲ್ಲವೆಂಬಂತೆ.'
ಅದನ್ನು ಹೊತ್ತು ಮೂರು ವರ್ಷ
ಸುಟ್ಟ ಮನೆ, ನೀರು ಹೊಕ್ಕ ಮನೆ,
ತೋರಣಗಲ್ಲಿನಲ್ಲಿ ಒಮ್ಮೆ
ಹನ್ನೊಂದು ದಿನ ಯಾರೂ ಬಾಗಿಲು ತೆರೆಯದಿದ್ದ ಮನೆ,
ಎಲ್ಲಾ ತಿಕ್ಕಿದ್ದೇನೆ.
ಬೆನ್ನಿನ ಮಾತು ನನಗೆ ಕಾಣುವುದಿಲ್ಲ,
ಹಿಂದೆ ನಿಂತ ಮನೆಯವರು ಓದಿಕೊಳ್ಳುತ್ತಾರೆ.

ಮೊದಲ ದಿನ ಎರ್ರಿಸ್ವಾಮಿ ಕಲಿಸಿದ:
ಮಸಿಗೆ ನೀರು ತೋರಿಸಬೇಡ.
ನೀರು ಕಂಡರೆ ಅದು ಗೋಡೆಯೊಳಗೆ ಇಳಿದು
ಬಾಡಿಗೆ ಕೊಡದ ಬಿಡಾರ ಹೂಡುತ್ತದೆ.
ಒಣ ಸ್ಪಂಜು, ಮೇಲಿನಿಂದ ಕೆಳಗೆ, ಒಂದೇ ಎಳೆತ,
ಎಳೆದ ಜಾಗಕ್ಕೆ ತಿರುಗಿ ಹೋಗಬಾರದು.
ಇನ್ನೊಂದು ಪಾಠ ಅವನು ಹೇಳಲಿಲ್ಲ:
ಮನೆಯವರು ಅಳುವಾಗ ಬಕೆಟು ಸದ್ದು ಮಾಡಬಾರದು.

ಕೌಲ್ ಬಜಾರಿನ ಸಂದಿಯೊಂದರಲ್ಲಿ, ಮಾರ್ಚಿಯಲ್ಲಿ,
ಜೀನ್ಸ್ ಹೊಲಿಯುವ ಮನೆ ಹೊತ್ತಿತು.
ಸತ್ತವರಿಲ್ಲ.
ಸರ್ವೇಯರು ಮೂಗಿಗೆ ಕರ್ಚೀಫು ಕಟ್ಟಿ ಬಂದು
ಎರಡು ಪಟ್ಟಿ ಬರೆದು ಹೋದ: ಉಳಿಯುವುದು, ಹೋಗುವುದು.
ಮಿಷನ್ನುಗಳು ಹೋಗುವುವು. ಗೋಡೆ ಉಳಿಯುವುದು.
ನೀಲಿ ಬಟ್ಟೆ ಸುಟ್ಟ ವಾಸನೆ ಯಾವ ಪಟ್ಟಿಯಲ್ಲೂ ಇರಲಿಲ್ಲ.
ಅದು ನಮ್ಮ ಜೊತೆ ವ್ಯಾನು ಹತ್ತಿತು,
ರಾತ್ರಿ ರೊಟ್ಟಿ ಮುರಿದರೆ ಬೆರಳಿನಿಂದ ಎದ್ದಿತು.

ಹಿಂದಿನ ಕೋಣೆ ನನ್ನ ಪಾಲು.
ಮಸಿಯ ಕೆಳಗೆ ಕೆಂಪು.
ಬಳ್ಳಾರಿಯಲ್ಲಿ ಯಾವುದರ ಕೆಳಗೂ ಅದಿರುತ್ತದೆ, ಅದಿರಿನ ಧೂಳು.
ಕೆಂಪಿನ ಕೆಳಗೆ ತಿಳಿಹಸಿರು ಸುಣ್ಣ.
ಹೊಗೆ ಯಾವಾಗಲೂ ಮೇಲಿನದನ್ನು ಹಿಡಿಯುತ್ತದೆ;
ನೆಲಕ್ಕೆ ಕುಂತವರ ಭುಜದ ಎತ್ತರಕ್ಕೆ ಬರುವಷ್ಟರಲ್ಲಿ
ತೆಳುವಾಗಿ, ಸೊಳ್ಳೆ ಪರದೆಯಷ್ಟೇ.
ಅಲ್ಲಿ ಕಂಡವು ಗೀಟುಗಳು.
ದರ್ಜಿಯ ನೀಲಿ ಸುಣ್ಣದಲ್ಲಿ
ನಾಲ್ಕು ನಿಂತವು, ಒಂದು ಅಡ್ಡ.
ನಾಲ್ಕು ನಿಂತವು, ಒಂದು ಅಡ್ಡ.
ಸಾಲು ಸಾಲು, ಮೂಲೆಯವರೆಗೆ.

"ದಾರ ಕತ್ತರಿಸಿದ ಲೆಕ್ಕ ಅವ್ವಾ," ಅಂದಳು ಬಾಗಿಲಲ್ಲಿ ಮಾಬುನ್ನಿ,
"ಒಂದು ಗೀಟಿಗೆ ಒಂದು ಡಜನ್ ಪ್ಯಾಂಟು.
ದೀಪಾವಳಿಯಿಂದ ರೊಕ್ಕ ಕೊಟ್ಟಿಲ್ಲ.
ಪುಸ್ತಕ ಸುಟ್ಟೋಯ್ತು, ಎಷ್ಟು ಅಂತ ನಾನೇನು ಹೇಳ್ಲಿ, ಅಂತಾನೆ."
ಅವಳ ಹೆಬ್ಬೆರಳಲ್ಲಿ ಕತ್ತರಿಯ ಉಂಗುರ ಕೂತ ಗುಳಿ ಇತ್ತು.

ಫೋನು ಬಂತು: ಐದಕ್ಕೆ ಗೋಡೆ ಮುಗೀಬೇಕು,
'ಆಮೇಲೆ'ಯ ಫೋಟೋ ಬೇಕು.

ಚೆಕ್‌ಲಿಸ್ಟಿನ ಹಿಂಬದಿಗೆ, ಮೊಣಕಾಲೂರಿ, ಎಣಿಸಿದೆ.
ಎರಡು ನೂರಾ ಹದಿಮೂರು.
ಅವಳು ಗೋಡೆ ನೋಡಲೂ ಇಲ್ಲ.
"ಎರಡು ನೂರಾ ಮೂವತ್ತೊಂದು."
ಮತ್ತೆ ಎಣಿಸಿದೆ. ಹದಿಮೂರೇ.
"ಮೇಲಿನ ಸಾಲು ಎಲ್ಲೋಯ್ತು?" ಅಂದಳು,
ಸಿಟ್ಟಿಲ್ಲದೆ, ಇಟ್ಟ ಬಟ್ಟಲು ಕೇಳಿದ ಹಾಗೆ.

ನನ್ನ ಕೈಯ ಸ್ಪಂಜು ನೋಡಿದೆ.
ಹೊಟ್ಟೆ ತುಂಬಾ ಕಪ್ಪು,
ಕಪ್ಪಿನ ಅಂಚಿಗೆ ತುಸು ನೀಲಿ.
ಹದಿನೆಂಟು ಡಜನ್.
ಬಾಗಿದ ಬೆನ್ನಿನ ಎಷ್ಟು ರಾತ್ರಿಯೋ,
ನಾನು ಒಂದು ಎಳೆತಕ್ಕೆ, ನಿಯಮದ ಪ್ರಕಾರ, ನೀಟಾಗಿ.

ಎರಡು ನೂರಾ ಮೂವತ್ತೊಂದು ಅಂತಲೇ ಬರೆದೆ.
'ಕಂಪನಿ ಪ್ರತಿನಿಧಿ' ಎಂದಿದ್ದ ಗೆರೆಯ ಮೇಲೆ ಸಹಿ ಹಾಕಿದೆ.
ಎರ್ರಿಸ್ವಾಮಿ ಓದಿ, ಏನೂ ಕೇಳದೆ, ತನ್ನದನ್ನೂ ಗೀಚಿದ.
ಆ ಚೀಟಿ ಅವಳು ಎಲೆಅಡಿಕೆ ಚೀಲದಲ್ಲಿಟ್ಟಳು.
ಆಮೇಲೆ ಉಳಿದ ಸಾಲುಗಳನ್ನೂ ಒರೆಸಿದೆ.
ಅದನ್ನು ಬಿಟ್ಟು ಹೇಳಿದರೆ ಈ ಕತೆ ಚೆಂದ ಆಗುತ್ತಿತ್ತು.

ರೊಕ್ಕ ಬಂತೋ ಇಲ್ಲವೋ ಗೊತ್ತಿಲ್ಲ,
ಒಂದೇ ಮನೆಗೆ ನಮ್ಮನ್ನು ಎರಡು ಸಲ ಕಳಿಸುವುದಿಲ್ಲ.
ಫೋಟೋದಲ್ಲಿ ಗೋಡೆ ಎಳೆ ಮೆಂತ್ಯದ ಹಸಿರು.
ಬಳಸಿದ ಸ್ಪಂಜು ಅಂದೇ ಬಿಸಾಕಬೇಕು.
ಬಿಸಾಕಿಲ್ಲ.
ವ್ಯಾನಿನ ಸೀಟಿನಡಿ ಎಲ್ಲೋ ಇದೆ,
ಮೋತಿ ಸರ್ಕಲ್ಲಿನಲ್ಲಿ ಎರ್ರಿಸ್ವಾಮಿ ಬ್ರೇಕು ಒತ್ತಿದಾಗ
ಉರುಳಿ ಬಂದು ಹಿಮ್ಮಡಿಗೆ ತಾಗುತ್ತದೆ.